ಬಿಸಿಲಿನ ಶೇಖರಣೆ: ಸೌರೋಷ್ಣ ವ್ಯವಸ್ಥೆಯ ಅಂಗಗಳು

ಬಿಸಿಲು ಹಗಲಿನ ಸಂಪತ್ತು. ಸ್ನಾನವಾದರೋ ನಸುಕಿನ ಕಾರ್ಯ. ಇವೆರಡರ ನಡುವೆ ಒಂದು ರಾತ್ರಿಯ ಅಂತರವುಂಟು. ವಿದ್ಯಾರ್ಥಿಗಳ ವಸತಿಗಳಿಂದ ತುಂಬಿರುವ ನಮ್ಮ ಸಪ್ತಾಪುರದಲ್ಲಿ ಚಳಿಗಾಲದ ಮುಂಜಾವು ಈ ಸಮಸ್ಯೆಯನ್ನು ದಿನವೂ ನೆನಪಿಸುತ್ತದೆ. ಕರ್ನಾಟಕ ಸರ್ಕಾರವು 2007ರಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಆದರೆ ಉಪಕರಣವನ್ನು ಮಾಳಿಗೆಗೆ ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಅದರ ಅಂಗಗಳನ್ನು ಅರಿಯಬೇಕು.

ಮೊದಲನೆಯ ಅಂಗ ಉಷ್ಣಗ್ರಾಹಕ. ಕಪ್ಪು ಲೇಪದ ತಗಡು ಬಿಸಿಲನ್ನು ಹೀರುತ್ತದೆ. ಅದಕ್ಕೆ ಬೆಸೆದ ತಾಮ್ರದ ಕೊಳವೆಗಳಲ್ಲಿ ನೀರು ಕಾಯುತ್ತದೆ. ಮೇಲಿನ ಗಾಜು ಉಷ್ಣವು ಹೊರಗೆ ಸೋರದಂತೆ ತಡೆಯುತ್ತದೆ. ಧಾರವಾಡವು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರದ ನಡುಹಗಲಿನಲ್ಲಿ ಸೂರ್ಯನು ನೆತ್ತಿಯಿಂದ ಸುಮಾರು 39 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆದುದರಿಂದ ಗ್ರಾಹಕವನ್ನು ದಕ್ಷಿಣಾಭಿಮುಖವಾಗಿ, ಸುಮಾರು 25 ಡಿಗ್ರಿ ಓರೆಯಾಗಿ ನಿಲ್ಲಿಸುವುದು ಯುಕ್ತ.

ಎರಡನೆಯದು ಸಂಗ್ರಹ ತೊಟ್ಟಿ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪಿನ ಅಗತ್ಯವೇ ಇಲ್ಲ. ಆದರೆ ತೊಟ್ಟಿಯ ತಳವು ಗ್ರಾಹಕದ ತುದಿಗಿಂತ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ಇಲ್ಲವಾದರೆ ರಾತ್ರಿ ಈ ಹರಿವು ಹಿಮ್ಮುಖವಾಗಿ, ಹಗಲೆಲ್ಲ ಗಳಿಸಿದ ಉಷ್ಣವು ಆಕಾಶದ ಪಾಲಾಗುತ್ತದೆ.

ಮೂರನೆಯದು ಉಷ್ಣನಿರೋಧಕ. ಕಣ್ಣಿಗೆ ಕಾಣದ ಈ ಅಂಗವೇ ವ್ಯವಸ್ಥೆಯ ಜೀವಾಳ. 1891ರಲ್ಲಿ ಅಮೆರಿಕದ ಕೆಂಪ್ ಎಂಬಾತನು ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ತೊಟ್ಟಿಗಳನ್ನಿಟ್ಟು ನೀರು ಕಾಯಿಸುವ ಸಾಧನಕ್ಕೆ ಪೇಟೆಂಟ್ ಪಡೆದನು. ಅದರ ನೀರು ರಾತ್ರಿಯೊಳಗೆ ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ಬೈಲಿಯು ತೊಟ್ಟಿಯನ್ನು ಗ್ರಾಹಕದಿಂದ ಬೇರ್ಪಡಿಸಿ, ಅದಕ್ಕೆ ನಿರೋಧಕದ ಹೊದಿಕೆ ಹಾಕಿದನು. ಅಂದಿನಿಂದ ಹಗಲಿನ ಬಿಸಿಲು ನಸುಕಿಗೂ ಒದಗಿತು.

ಒಂದು ಲೆಕ್ಕವನ್ನು ಮಾಡಿ ನೋಡೋಣ. 50 ವಿದ್ಯಾರ್ಥಿಗಳಿಗೆ ತಲಾ 20 ಲೀಟರಿನಂತೆ 40 ಡಿಗ್ರಿಯ ಸ್ನಾನದ ನೀರು ಬೇಕು. 60 ಡಿಗ್ರಿಯ ಬಿಸಿನೀರಿಗೆ ಅಷ್ಟೇ ಪ್ರಮಾಣದ 20 ಡಿಗ್ರಿಯ ತಣ್ಣೀರು ಬೆರೆಸಿದರೆ, 500 ಲೀಟರ್ ಬಿಸಿನೀರು ಸಾಕು. ಇದಕ್ಕೆ 20,000 ಕಿಲೊಕ್ಯಾಲೊರಿ, ಎಂದರೆ ಸುಮಾರು 23 ಯೂನಿಟ್ ಶಕ್ತಿ ಬೇಕು. ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಬಿದ್ದು, ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ನೀರಿಗೆ ಸೇರಿದರೂ 10 ಚದರ ಮೀಟರ್ ಗ್ರಾಹಕ ಸಾಕಾಗುತ್ತದೆ. ಆದರೆ ನಿರೋಧಕ ಕೆಟ್ಟು ರಾತ್ರಿ 10 ಡಿಗ್ರಿ ಇಳಿಯಿತೆನ್ನಿ. ಆಗ ಅದೇ ನೀರು 37 ಮಂದಿಗೆ ಮಾತ್ರ ಸಾಲುತ್ತದೆ. ಉಳಿದ 13 ಮಂದಿಗೆ ತಣ್ಣೀರೇ ಗತಿ!

ಕೊಳವೆಬಾವಿಯ ಗಡಸು ನೀರಿನಿಂದ ಕೊಳವೆಗಳೊಳಗೆ ಸುಣ್ಣ ಕಟ್ಟುತ್ತದೆ. ಗಾಜಿನ ಮೇಲೆ ಧೂಳು ಕೂಡುತ್ತದೆ. ಇವೆರಡನ್ನೂ ಕಾಲಕಾಲಕ್ಕೆ ತೆಗೆಯಬೇಕು. ಮಳೆಗಾಲದ ಮೋಡದ ದಿನಗಳಿಗೆ ವಿದ್ಯುತ್ ಸುರುಳಿಯೋ, ಬಚ್ಚಲಮನೆಯ ಹಂಡೆಯೋ ಜೊತೆಗಿರಬೇಕು.

ಇನ್ನು ತಂಪಿನ ವಿಚಾರ. ಉಷ್ಣದಿಂದಲೇ ತಂಪು ಉಂಟುಮಾಡುವ ಯಂತ್ರಗಳುಂಟು. ಆದರೆ ಅವುಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಬಗೆಗೆ 75 ಡಿಗ್ರಿಗೂ ಮೇಲ್ಪಟ್ಟ ಬಿಸಿನೀರಲ್ಲದೆ ಶೀತಕ ಗೋಪುರವೂ ಬೇಕಾಗುವುದರಿಂದ ಸಣ್ಣ ಮನೆಗೆ ಅವು ಹೊಂದಲಾರವು. ಮನೆಗೆ ಒಗ್ಗುವ ಉಪಾಯವು ಇದೇ ಪಾಠದ ಇನ್ನೊಂದು ಮುಖ. ಅಲ್ಲಿ ಕಪ್ಪು ತಗಡು ಬಿಸಿಲನ್ನು ಹೀರಿತು. ಇಲ್ಲಿ ಮಾಳಿಗೆಗೆ ಬಳಿದ ಬಿಳಿ ಸುಣ್ಣ ಅದನ್ನು ಮರಳಿಸುತ್ತದೆ. ಅಲ್ಲಿ ಬಿಸಿನೀರು ಮೇಲೇರಿತು. ಇಲ್ಲಿ ಬಿಸಿಗಾಳಿಯು ಮೇಲಣ ಗವಾಕ್ಷಿಯಿಂದ ಹೊರಬೀಳುತ್ತದೆ. ಎತ್ತರಿಸಿ ನಿಲ್ಲಿಸಿದ ಗ್ರಾಹಕದ ನೆರಳೂ ಮಾಳಿಗೆಗೆ ಚಪ್ಪರವಾಗುತ್ತದೆ.

ಸೂರ್ಯನು ಎಲ್ಲರ ಮಾಳಿಗೆಯನ್ನೂ ಸಮನಾಗಿ ಬೆಳಗುತ್ತಾನೆ. ಗಳಿಸಿದ್ದನ್ನು ಸೋರಗೊಡದೆ ಕಾಯ್ದುಕೊಂಡು, ಸಾಲಿನಲ್ಲಿ ಕಡೆಯವನಾಗಿ ನಿಂತ ವಿದ್ಯಾರ್ಥಿಗೂ ತಲುಪಿಸುವುದು ಮಾತ್ರ ನಮ್ಮ ಹೊಣೆ.