ಲಿವರ್ ಕೆಡುವ ಮೊದಲು: ಮಾಡಬೇಕಾದ್ದು, ಮಾಡಬಾರದ್ದು

ಭಾತಂಬ್ರಾ, ಭಾಲ್ಕಿ, ಔರಾದ್, ಬೀದರ್‌ನ ಎಲ್ಲ ಮನೆಗಳಿಗೆ

ಲಿವರ್ ಕೆಡುವಾಗ ಸಾಮಾನ್ಯವಾಗಿ ನೋವಾಗುವುದಿಲ್ಲ. ಹೊಟ್ಟೆ ಉಬ್ಬಿ, ಕಾಲು ಬಾತು, ಕಣ್ಣು ಹಳದಿಯಾಗುವ ಹೊತ್ತಿಗೆ ಅದು ಗಟ್ಟಿಯಾಗಿ ಗಂಟುಗಂಟಾಗಿರಬಹುದು. ಇದೇ ಸಿರೋಸಿಸ್. ಅದು ಮಿತಿ ಮೀರಿದರೆ ಉಳಿಯುವುದು ಲಿವರ್ ಕಸಿಯೊಂದೇ. ಅದಕ್ಕೆ ದಾನಿ ಬೇಕು, ಲಕ್ಷಗಟ್ಟಲೆ ಹಣ ಬೇಕು. ಹೈದರಾಬಾದಿಗೋ, ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೋ ಅಲೆಯಬೇಕು. ಬದುಕಿರುವಷ್ಟು ದಿನ ಗುಳಿಗೆ ನುಂಗಬೇಕು. ತಡೆಯುವ ಕೆಲಸ ಮಾತ್ರ ಊರಲ್ಲೇ ಆಗುತ್ತದೆ, ಅದೂ ಬಹುಪಾಲು ಪುಕ್ಕಟೆ.

ಇವು ಕಂಡರೆ ಓದುವುದನ್ನು ನಿಲ್ಲಿಸಿ, 108ಕ್ಕೆ ಕರೆ ಮಾಡಿ

- ರಕ್ತವಾಂತಿ.
- ಡಾಂಬರಿನಂಥ ಕಪ್ಪು ಮಲ.
- ಕಾಮಾಲೆ ಇರುವವರು ತೊದಲುವುದು, ಗುರುತು ತಪ್ಪುವುದು, ಹಗಲಿಡೀ ಮಂಪರಿನಲ್ಲಿರುವುದು.
- ಬಸುರಿಯ ಕಣ್ಣು ಹಳದಿಯಾಗುವುದು.
- ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಜ್ವರ ಅಥವಾ ಹೊಟ್ಟೆನೋವು.
- ಕುಡಿದ ಮೇಲೆ ಕಣ್ಣು ಮಂಜಾಗುವುದು.
- ಕುಡಿತ ಬಿಟ್ಟವರಿಗೆ ನಡುಕ, ಭ್ರಮೆ, ಫಿಟ್ಸ್.
- ಮಗು ಇಲಿ ಪಾಷಾಣ ಬಾಯಿಗೆ ಹಾಕಿಕೊಂಡಿರುವುದು. ಮಗು ಆಡುತ್ತಿದ್ದರೂ ಕರೆ ಮಾಡಿ.

ಮಾಡಬೇಕಾದ್ದು

1. ಬಸುರಿ, ಬಾಣಂತಿ, ಮಗು

- ಬಸುರಿ ಎಂದು ತಿಳಿದ ಕೂಡಲೇ, ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಿ.
- ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿ.
- ಹೆರಿಗೆಯನ್ನು ದವಾಖಾನೆಯಲ್ಲೇ ಮಾಡಿಸಿ.
- ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ.
- ತಾಯಿಗೆ ಸೋಂಕಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಸೂಜಿಯನ್ನೂ ಅಂದೇ ಕೇಳಿ ಹಾಕಿಸಿ.
- 6, 10 ಮತ್ತು 14ನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆ ಹಾಕಿಸಿ.
- ಮಗುವಿನ ಹಳದಿ 14 ದಿನ ದಾಟಿದರೆ ಮಕ್ಕಳ ವೈದ್ಯರಿಗೆ ತೋರಿಸಿ.
- ಮಗುವಿನ ಮಲ ಬೆಳ್ಳಗಿದ್ದರೆ ಅಂದೇ ತೋರಿಸಿ. ಪಿತ್ತನಾಳ ಮುಚ್ಚಿದ್ದರೆ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆಗಬೇಕು.

2. ಸೂಜಿ, ರಕ್ತ, ಬ್ಲೇಡು

- ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಸಿ.
- ಗುಳಿಗೆ ಸಾಕೇ ಎಂದು ವೈದ್ಯರನ್ನು ಮೊದಲು ಕೇಳಿ.
- ರಕ್ತವನ್ನು ಪರವಾನಗಿ ಇರುವ ರಕ್ತನಿಧಿಯಿಂದಲೇ ತನ್ನಿ.
- ಕಟಿಂಗ್ ಅಂಗಡಿಯಲ್ಲಿ ಪ್ರತಿ ಸಲ ಹೊಸ ಬ್ಲೇಡು ಹಾಕಿಸಿ.
- ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೆಲ್ಲರ ರಕ್ತಪರೀಕ್ಷೆ ಮಾಡಿಸಿ.
- 2002ಕ್ಕೆ ಮೊದಲು ರಕ್ತ ಹಾಕಿಸಿಕೊಂಡವರು ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿ.
- ಹೆಪಟೈಟಿಸ್ ಸಿ ಇದ್ದರೆ ಗುಳಿಗೆಯನ್ನು ಪೂರ್ತಿ ಮುಗಿಸಿ. ಸಾಮಾನ್ಯವಾಗಿ 12 ವಾರ. ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ.
- ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವವರು ವರದಿ, ಗುಳಿಗೆ ಎರಡನ್ನೂ ಜೊತೆಗಿಟ್ಟುಕೊಳ್ಳಿ.

3. ನೀರು

- ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿ.
- ಆರಿಸಿ, ಮುಚ್ಚಿಡಿ.
- ಪೈಪು ಒಡೆದದ್ದು ಕಂಡ ದಿನವೇ ಪಂಚಾಯ್ತಿಗೆ ತಿಳಿಸಿ.
- ಶೌಚದ ನಂತರ, ಊಟದ ಮೊದಲು ಸೋಪಿನಿಂದ ಕೈ ತೊಳೆಯಿರಿ.
- ಒಂದೇ ಓಣಿಯಲ್ಲಿ ಇಬ್ಬರಿಗೆ ಕಾಮಾಲೆ ಬಂದರೆ ಆಶಾ ಕಾರ್ಯಕರ್ತೆಗೆ ಅಂದೇ ಹೇಳಿ.

4. ಕುಡಿತ

- ಬಿಡಿ.
- ದಿನವೂ ಕುಡಿಯುವವರು ವೈದ್ಯರ ನಿಗಾದಲ್ಲಿ ಬಿಡಿ.
- ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.
- ಮನಸ್ಸು ಕುಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮನೆಯವರೂ ಮಾಡಬಹುದು.
- ಕುಡಿಯುವವರ ಲಿವರ್ ಪರೀಕ್ಷೆಯನ್ನು ನೋವು ಬರುವ ಮೊದಲೇ ಮಾಡಿಸಿ.

5. ಊಟ, ತೂಕ, ಕಾಳು

- ಹೊಟ್ಟೆಯ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಿದರೆ ಎಚ್ಚರ.
- 30 ದಾಟಿದವರು ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ.
- ಸಕ್ಕರೆ ಕಾಯಿಲೆ ಇರುವವರು ಲಿವರ್ ಪರೀಕ್ಷೆಯನ್ನೂ ಕೇಳಿ.
- ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ.
- ತೂಕ ಹೆಚ್ಚಿದ್ದರೆ ನೂರಕ್ಕೆ 7ರಿಂದ 10 ಪಾಲು ಇಳಿಸಿ. 80 ಕೆ.ಜಿ. ಇರುವವರಿಗೆ ಇದು ಸುಮಾರು 6ರಿಂದ 8 ಕೆ.ಜಿ.
- ರೊಟ್ಟಿಯ ಜೊತೆ ಸೊಪ್ಪು, ಬೇಳೆ ಹೆಚ್ಚಿಸಿ.
- ಶೇಂಗಾ, ಜೋಳ, ಗೋವಿನಜೋಳವನ್ನು ಪೂರ್ತಿ ಒಣಗಿಸಿ ಚೀಲ ತುಂಬಿ.
- ಚೀಲಗಳನ್ನು ನೆಲದಿಂದ ಎತ್ತರದಲ್ಲಿಡಿ.

6. ಗುಳಿಗೆ, ಪಾಷಾಣ

- ಪ್ಯಾರಾಸಿಟಮಾಲ್ ಅನ್ನು ವೈದ್ಯರು ಹೇಳಿದಷ್ಟೇ ನುಂಗಿ.
- ನೆಗಡಿ ಗುಳಿಗೆಯ ಪಟ್ಟಿಯ ಮೇಲೂ ಅದೇ ಹೆಸರಿದೆಯೇ ನೋಡಿ.
- ಟಿ.ಬಿ. ಗುಳಿಗೆ ನುಂಗುವಾಗ ವಾಂತಿ, ಗಾಢ ಹಳದಿ ಮೂತ್ರ ಕಂಡರೆ ಅಂದೇ ವೈದ್ಯರ ಬಳಿ ಹೋಗಿ.
- ಇಲಿ ಪಾಷಾಣ, ಹೊಲಕ್ಕೆ ಹೊಡೆಯುವ ಔಷಧವನ್ನು ಬೀಗ ಹಾಕಿಡಿ.
- ದವಾಖಾನೆಗೆ ಹೋಗುವಾಗ ಪಾಷಾಣದ ಡಬ್ಬಿಯನ್ನೂ ಒಯ್ಯಿರಿ.

7. ಕಾಮಾಲೆ ಬಂದಾಗ

- ಕಾಮಾಲೆ, ಕಾಮಣಿ, ಪೀಲಿಯಾ: ಹೆಸರು ಯಾವುದಾದರೂ ರಕ್ತಪರೀಕ್ಷೆ ಮಾಡಿಸಿ.
- ಕಾರಣ ಯಾವುದೆಂದು ವೈದ್ಯರಿಂದ ಬರೆಸಿಕೊಳ್ಳಿ: ಎ, ಬಿ, ಸಿ, ಇ ವೈರಸ್ಸೇ, ಕುಡಿತವೇ, ಗುಳಿಗೆಯೇ, ಪಿತ್ತದ ಕಲ್ಲೇ.
- ರೋಗಿಗೆ ಎಂದಿನ ಊಟ ಕೊಡಿ.
- ವೈದ್ಯರು ಹೇಳಿದ ದಿನ ಮರುಪರೀಕ್ಷೆ ಮಾಡಿಸಿ.

ಮಾಡಬಾರದ್ದು

1. ಬಸುರಿ, ಬಾಣಂತಿ, ಮಗು

- ಮನೆಯಲ್ಲಿ ಹೆರಿಗೆ ಬೇಡ.
- ಹುಟ್ಟಿದ ದಿನದ ಲಸಿಕೆಯನ್ನು ತೊಟ್ಟಿಲ ದಿನದವರೆಗೆ ಮುಂದೂಡಬಾರದು.
- ಹೆಪಟೈಟಿಸ್ ಬಿ ಇರುವ ತಾಯಿಯ ಎದೆಹಾಲು ಬಿಡಿಸಬಾರದು.
- ಬಿಸಿಲಿಗೆ ಹಿಡಿದರೆ ಹಳದಿ ಹೋಗುತ್ತದೆ ಎಂದು ವಾರಗಟ್ಟಲೆ ಕಾಯಬಾರದು.

ತಪ್ಪಿದರೆ: ಹುಟ್ಟುವಾಗ ಹೆಪಟೈಟಿಸ್ ಬಿ ತಗುಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತರಲ್ಲಿ ವೈರಸ್ ಶಾಶ್ವತವಾಗಿ ಉಳಿಯುತ್ತದೆ. ದುಡಿಯುವ ವಯಸ್ಸಿನಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಬಹುದು.

2. ಸೂಜಿ, ರಕ್ತ, ಬ್ಲೇಡು

- ತಟ್ಟೆಯಲ್ಲಿ ಬಿದ್ದಿರುವ ಸಿರಿಂಜಿನಿಂದ ಸೂಜಿ ಬೇಡ.
- ದಣಿವಿಗೆಂದು ಕೇಳಿ ಸಲೈನ್ ಹಚ್ಚಿಸಿಕೊಳ್ಳುವುದು ಬೇಡ.
- ಪದವಿ ಇಲ್ಲದ ಡಾಕ್ಟರರ ಚಿಕಿತ್ಸೆ ಬೇಡ.
- ಜಾತ್ರೆಯಲ್ಲಿ ಎಲ್ಲರಿಗೂ ಒಂದೇ ಸೂಜಿಯ ಹಚ್ಚೆ ಬೇಡ.
- ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಹಂಚಿಕೊಳ್ಳಬಾರದು.
- ಸೋಂಕಿರುವವರ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬಾರದು. ಜೊತೆಗೆ ಉಂಡರೆ ಹೆಪಟೈಟಿಸ್ ಬಿ, ಸಿ ಹರಡುವುದಿಲ್ಲ.
- ಹೆಪಟೈಟಿಸ್ ಬಿ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ತಪ್ಪಿದರೆ: 2009ರಲ್ಲಿ ಗುಜರಾತಿನ ಮೋಡಾಸಾ ಭಾಗದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಚುಚ್ಚಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು.

3. ನೀರು

- ಚರಂಡಿಗೆ ತಾಗಿದ ನಳದ ನೀರು ಬೇಡ.
- ಬಾವಿ, ಹಳ್ಳದ ಹತ್ತಿರ ಬಯಲು ಶೌಚ ಮಾಡಬಾರದು.
- ತೆರೆದಿಟ್ಟ ಕಬ್ಬಿನ ಹಾಲು, ಅದಕ್ಕೆ ಹಾಕುವ ಐಸು ಬೇಡ.
- ಲಗ್ನದ ಮನೆಯಲ್ಲಿ ಕುದಿಸದ ಟ್ಯಾಂಕರ್ ನೀರು ಕುಡಿಯಲು ಇಡಬಾರದು.

ತಪ್ಪಿದರೆ: ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದ ಐವರು ಬಸುರಿಯರಲ್ಲಿ ಒಬ್ಬರು ಸಾಯಬಹುದು.

4. ಕುಡಿತ

- ಕಳ್ಳಭಟ್ಟಿ ಬೇಡ.
- ಗಡಿ ದಾಟಿ ಬರುವ ಸೀಲಿಲ್ಲದ ಬಾಟಲಿ ಬೇಡ.
- ಪುಡಿ ಬೆರೆಸಿದ ಸೇಂದಿ ಬೇಡ.
- "ದುಬಾರಿ ಮಾಲು, ಏನೂ ಆಗಲ್ಲ" ಎಂಬ ಮಾತು ನಂಬಬಾರದು. ಲಿವರಿಗೆ ಬೆಲೆ ಗೊತ್ತಿಲ್ಲ.
- ಕಾಮಾಲೆ ಬಂದು ಹೋದ ಮೇಲೆ ಒಂದು ಗುಟುಕೂ ಬೇಡ.
- ಕೂಲಿಯ ಬದಲು ಶೆರೆ ಕೊಡಬಾರದು.

ತಪ್ಪಿದರೆ: ಕೊಬ್ಬು ತುಂಬಿದ ಹಂತದಲ್ಲಿ ಕುಡಿತ ಬಿಟ್ಟರೆ ಲಿವರ್ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಗಂಟು ಕಟ್ಟಿದ ಮೇಲೆ ಬಿಟ್ಟರೆ ಆಯುಷ್ಯ ಹೆಚ್ಚುತ್ತದೆ, ಹಳೆಯ ಲಿವರ್ ಮರಳುವುದಿಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಮರುವರ್ಷದ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ, ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ 150ಕ್ಕೂ ಹೆಚ್ಚು ಜನರನ್ನು ಕೊಂದಿತು.

5. ಊಟ, ತೂಕ, ಕಾಳು

- ಬಾಟಲಿ ಪಾನೀಯ ಬೇಡ.
- ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು.
- "ನಾನು ಕುಡಿಯೋದಿಲ್ಲ, ನನಗೆ ಲಿವರ್ ರೋಗ ಬರೋದಿಲ್ಲ" ಎಂಬ ಧೈರ್ಯ ಬೇಡ.
- ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳ ಬೇಡ.
- ಬೂಷ್ಟು ಒರೆಸಿ, ಹುರಿದು ತಿನ್ನಬಾರದು. ವಿಷ ಪೂರ್ತಿ ಹೋಗುವುದಿಲ್ಲ.
- ಬೂಷ್ಟು ಹಿಡಿದ ಕಾಳನ್ನು ಹಾಲು ಹಿಂಡುವ ಎಮ್ಮೆಗೂ ಹಾಕಬಾರದು. ವಿಷ ಹಾಲಿಗೆ ಇಳಿಯುತ್ತದೆ.

ತಪ್ಪಿದರೆ: 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದ ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಕುಡಿಯದವರ ಕೊಬ್ಬಿನ ಲಿವರ್ ರೋಗವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿದೆ.

6. ಗುಳಿಗೆ, ಪಾಷಾಣ

- ಹೆಸರು, ಪ್ರಮಾಣ ಬರೆಯದ ಪುಡಿ ಬೇಡ.
- ಕುಡಿದ ಮೇಲೆ ನೋವಿನ ಗುಳಿಗೆ ಬೇಡ.
- ಟಿ.ಬಿ. ಗುಳಿಗೆಯನ್ನು ನೀವೇ ನಿಲ್ಲಿಸಬಾರದು.
- ತಿನಿಸಿಗೆ ಹಚ್ಚಿದ ಇಲಿ ಪಾಷಾಣವನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು.
- ಪಾಷಾಣ ತಿಂದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು.

ತಪ್ಪಿದರೆ: ರಂಜಕದ ಇಲಿ ಪಾಷಾಣ ತಿಂದವರು ಒಂದೆರಡು ದಿನ ಚೆನ್ನಾಗಿಯೇ ಕಾಣುತ್ತಾರೆ. ಆಮೇಲೆ ಲಿವರ್ ಕುಸಿಯಬಹುದು.

7. ಕಾಮಾಲೆ ಬಂದಾಗ

- ಬರೆ ಹಾಕಿಸಬಾರದು.
- ಮೂಗಿಗೆ ರಸ ಹಿಂಡಿಸಬಾರದು.
- ಸುಣ್ಣದ ನೀರಲ್ಲಿ ಕೈ ತೊಳೆಸಿ "ಇಳೀತು" ಎಂದು ಮನೆಗೆ ಮರಳಬಾರದು.
- ಕೊರಳಿಗೆ ಕಾಮಾಲೆ ಮಾಲೆ ಕಟ್ಟಿ ಅದು ಉದ್ದವಾಗಲೆಂದು ಕಾಯಬಾರದು.
- ಅನ್ನ ಬಿಡಿಸಿ ಬರೀ ಕಬ್ಬಿನ ಹಾಲಿನ ಮೇಲೆ ಇಡಬಾರದು.
- "ಅವರಿಗೆ ನಾಟಿ ಮದ್ದಿನಿಂದಲೇ ಹೋಯಿತು" ಎಂಬ ಲೆಕ್ಕ ಬೇಡ. ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತವೆ. ಬಿ, ಸಿ ಒಳಗೇ ಉಳಿಯಬಹುದು.

ತಪ್ಪಿದರೆ: ಕಾದ ದಿನಗಳಲ್ಲಿ ರೋಗಿ ಎಚ್ಚರ ತಪ್ಪಬಹುದು. ಆಗ ದವಾಖಾನೆಗೆ ತಂದರೂ ಉಳಿಸುವುದು ಕಷ್ಟ.

ಎಲ್ಲಿಗೆ

- ಭಾತಂಬ್ರಾದವರು ಮೊದಲು ಆಶಾ ಕಾರ್ಯಕರ್ತೆಯನ್ನು ಕಾಣಿ, ನಂತರ ಭಾಲ್ಕಿ ತಾಲ್ಲೂಕು ಆಸ್ಪತ್ರೆಗೆ ಹೋಗಿ.
- ಔರಾದ್ ಕಡೆಯವರು ಅಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ.
- ಮುಂದಿನ ಚಿಕಿತ್ಸೆಗೆ ಚೀಟಿ ಬರೆಸಿಕೊಂಡು ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ.
- ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಉಚಿತ ಪರೀಕ್ಷೆ, ಉಚಿತ ಗುಳಿಗೆ ಎಂದು ಹೆಸರು ಹೇಳಿ ಕೇಳಿ. 2018ರ ಜುಲೈ 28ರಿಂದ ದೇಶದಲ್ಲಿ ಇದು ಜಾರಿಯಲ್ಲಿದೆ.
- ಆಧಾರ್, ರೇಷನ್ ಕಾರ್ಡ್ ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತದೆ.
- ಸಂದೇಹವಿದ್ದರೆ 104ಕ್ಕೆ ಕರೆ ಮಾಡಿ.

ಈ ವಾರವೇ

- ಮನೆಯ ಪ್ರತಿ ಮಗುವಿನ ಲಸಿಕೆ ಕಾರ್ಡ್ ತೆಗೆದು ನೋಡಿ.
- ಹಿಂದೊಮ್ಮೆ ಕಾಮಾಲೆ ಬಂದವರು, ಕಾರಣ ತಿಳಿಯದಿದ್ದರೆ, ಬಿ ಮತ್ತು ಸಿ ಪರೀಕ್ಷೆ ಮಾಡಿಸಿ.
- ಮನೆಯಲ್ಲಿರುವ ಪಾಷಾಣದ ಡಬ್ಬಿಗೆ ಬೀಗ ಹಾಕಿ.
- ಈ ಹಾಳೆಯನ್ನು ಓದಲು ಬಾರದವರಿಗೆ ಓದಿ ಹೇಳಿ.