ಸಾಕುಪ್ರಾಣಿಗಳ ಪರೋಪಜೀವಿಗಳು: ಜೀವನಚಕ್ರ ಮತ್ತು ನಿಯಂತ್ರಣ

ಎಮ್ಮೆ ಈದು ತಿಂಗಳು ತುಂಬುವ ಹೊತ್ತಿಗೆ ಕರುವಿಗೆ ಭೇದಿ ಆರಂಭವಾಗುತ್ತದೆ. ಸಗಣಿ ಬೂದು ಬಣ್ಣಕ್ಕೆ ತಿರುಗಿ ದುರ್ವಾಸನೆ ಬೀರುತ್ತದೆ. ಹೊಟ್ಟೆ ಉಬ್ಬಿ, ಮೈಗೂದಲು ಒರಟಾಗಿ, ಕರು ದಿನದಿಂದ ದಿನಕ್ಕೆ ಸೊರಗಿ ಒಂದು ಬೆಳಗ್ಗೆ ಸತ್ತುಬಿದ್ದಿರುತ್ತದೆ. ಕರುವನ್ನು ಕಾಣದ ಎಮ್ಮೆ ಹಾಲಿಳಿಸುವುದಿಲ್ಲ. ಒಂದೇ ಎಮ್ಮೆಯನ್ನು ನಂಬಿದ ಕುಟುಂಬಕ್ಕೆ ಆ ವರ್ಷದ ಹಾಲಿನ ಆದಾಯವೂ, ಮುಂದೆ ಮನೆಗೆ ಆಧಾರವಾಗಬೇಕಿದ್ದ ಕರುವೂ ಒಟ್ಟಿಗೆ ಕೈತಪ್ಪುತ್ತವೆ. ದೃಷ್ಟಿ ತಾಗಿತೆಂದೋ, ಹಾಲು ಹೆಚ್ಚಾಗಿ ಅಜೀರ್ಣವಾಯಿತೆಂದೋ ಜನರು ಸಮಾಧಾನ ಮಾಡಿಕೊಳ್ಳುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ನಿಜವಾದ ಕಾರಣವೆಂದರೆ ಕರುವಿನ ಸಣ್ಣಕರುಳಿನಲ್ಲಿ ತುಂಬಿಕೊಂಡಿರುವ ಹುಳುಗಳು.

ಇನ್ನೊಂದು ಪ್ರಾಣಿಯ ದೇಹವನ್ನೇ ಮನೆಯಾಗಿಸಿಕೊಂಡು, ಅದರ ಆಹಾರವನ್ನೋ ರಕ್ತವನ್ನೋ ಉಂಡು ಬದುಕುವ ಜೀವಿಯನ್ನು ಪರೋಪಜೀವಿ ಎನ್ನುತ್ತಾರೆ. ಆಶ್ರಯ ನೀಡುವ ಪ್ರಾಣಿಗೆ ಆತಿಥೇಯ ಎಂದು ಹೆಸರು. ಹೇನು, ಉಣ್ಣೆ, ನುಸಿ ಮುಂತಾದವು ಚರ್ಮದ ಮೇಲೆ ವಾಸಿಸುವ ಬಾಹ್ಯ ಪರೋಪಜೀವಿಗಳು. ದುಂಡುಹುಳು, ಲಾಡಿಹುಳು, ಚಪ್ಪಟೆಹುಳುಗಳು ದೇಹದೊಳಗೆ ವಾಸಿಸುವ ಆಂತರಿಕ ಪರೋಪಜೀವಿಗಳು. ಇವು ಬೇರೆ ಬೇರೆ ಬಗೆಯವಾದರೂ ಒಂದು ವಿಷಯದಲ್ಲಿ ಸಮಾನ. ಯಾವ ಪರೋಪಜೀವಿಯೂ ಒಂದೇ ಪ್ರಾಣಿಯ ದೇಹದಲ್ಲಿ ತನ್ನ ಸಂತತಿಯನ್ನು ಎಂದೆಂದಿಗೂ ಮುಂದುವರಿಸಲಾರದು. ಒಂದು ಆತಿಥೇಯದಿಂದ ಇನ್ನೊಂದಕ್ಕೆ ಅದು ದಾಟಲೇಬೇಕು. ಸಗಣಿಯಲ್ಲಿ, ಹುಲ್ಲಿನ ಎಸಳಿನಲ್ಲಿ, ಕೆರೆಯ ನೀರಿನಲ್ಲಿ ಅಥವಾ ಗೋಡೆಯ ಬಿರುಕಿನಲ್ಲಿ ಅದು ಕಳೆಯುವ ಆ ದಿನಗಳೇ ಅದರ ಬದುಕಿನ ದುರ್ಬಲ ಘಟ್ಟ. ಆ ಘಟ್ಟವನ್ನು ಅರಿತವನಿಗೆ ಅರ್ಧ ಚಿಕಿತ್ಸೆ ತಿಳಿದಂತೆಯೇ ಸರಿ.

ಕರುಗಳ ದುಂಡುಹುಳು

ಮೇಲೆ ಹೇಳಿದ ಕರುವಿನ ಸಾವಿಗೆ ಕಾರಣವಾಗುವ ಹುಳುವಿನ ಶಾಸ್ತ್ರೀಯ ನಾಮ ಟಾಕ್ಸೊಕಾರ ವಿಟುಲೋರಮ್. ಬಿಳಿಚಾದ, ದುಂಡನೆಯ ಈ ಹುಳು ಸುಮಾರು 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಇದು ಎಮ್ಮೆಯ ಕರುಗಳಲ್ಲಿ ವಿಶೇಷವಾಗಿಯೂ ಹಸುವಿನ ಕರುಗಳಲ್ಲಿ ಸ್ವಲ್ಪಮಟ್ಟಿಗೂ ಕಂಡುಬರುತ್ತದೆ.

ಇದರ ಜೀವನಚಕ್ರ ವಿಚಿತ್ರವಾದುದು. ಸೋಂಕಿರುವ ಕರು ಹಾಕಿದ ಸಗಣಿಯಲ್ಲಿ ಅಸಂಖ್ಯ ಮೊಟ್ಟೆಗಳಿರುತ್ತವೆ. ದಪ್ಪ ಕವಚವುಳ್ಳ ಈ ಮೊಟ್ಟೆಗಳು ತೇವವಾದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮೇವಿನೊಡನೆ ಅವು ಬೆಳೆದ ಎಮ್ಮೆಯ ಹೊಟ್ಟೆಯನ್ನು ಸೇರಿದಾಗ ಒಳಗಿನ ಮರಿಹುಳುಗಳು ಹೊರಬಂದು, ಯಕೃತ್ತು, ಸ್ನಾಯು ಮೊದಲಾದ ಭಾಗಗಳಲ್ಲಿ ನಿದ್ರಿಸುವಂತೆ ಸುಮ್ಮನಿರುತ್ತವೆ. ಎಮ್ಮೆಗೆ ಇದರಿಂದ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. ಅದು ಗಬ್ಬವಾಗಿ ಈಯುವ ಕಾಲ ಸಮೀಪಿಸಿದಾಗ ಮರಿಹುಳುಗಳು ಎಚ್ಚೆತ್ತು ಕೆಚ್ಚಲಿನತ್ತ ಸಾಗುತ್ತವೆ. ಕರು ಕುಡಿಯುವ ಮೊದಲ ದಿನಗಳ ಹಾಲಿನೊಡನೆಯೇ ಅದರ ಕರುಳನ್ನು ಸೇರುತ್ತವೆ. ಮೂರು ನಾಲ್ಕು ವಾರಗಳಲ್ಲಿ ಬೆಳೆದು ಮೊಟ್ಟೆಯಿಡಲು ತೊಡಗುತ್ತವೆ. ಹೀಗೆ ಚಕ್ರ ಪೂರ್ಣಗೊಳ್ಳುತ್ತದೆ.

ಹಾಲಿನಿಂದ ಹುಳು ಬರುತ್ತದೆಂದು ತಿಳಿದ ಕೂಡಲೇ ಗಿಣ್ಣುಹಾಲನ್ನು ನಿಲ್ಲಿಸುವುದು ದೊಡ್ಡ ತಪ್ಪು. ಹುಟ್ಟಿದ ಕರುವಿಗೆ ರೋಗನಿರೋಧಕ ಶಕ್ತಿ ದೊರೆಯುವುದು ಗಿಣ್ಣುಹಾಲಿನಿಂದಲೇ. ಸರಿಯಾದ ಉಪಾಯವೆಂದರೆ, ಕರುವಿಗೆ 10ರಿಂದ 16 ದಿನಗಳಾಗಿರುವಾಗ ಪಶುವೈದ್ಯರ ಸಲಹೆಯಂತೆ ಜಂತುನಾಶಕವನ್ನು ಕುಡಿಸುವುದು. ಆ ವೇಳೆಗೆ ಹಾಲಿನ ಮೂಲಕ ಬರಬೇಕಾದ ಮರಿಹುಳುಗಳಲ್ಲಿ ಬಹುಪಾಲು ಬಂದು ಸೇರಿರುತ್ತವೆ. ಆದರೆ ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ಒಂದೇ ಪ್ರಮಾಣದ ಔಷಧ ಕರುವಿನ ಪ್ರಾಣವನ್ನು ಉಳಿಸುವುದಲ್ಲದೆ, ಕೊಟ್ಟಿಗೆಯ ನೆಲವನ್ನು ಮುಂದಿನ ವರ್ಷದ ಸೋಂಕಿನಿಂದಲೂ ಕಾಪಾಡುತ್ತದೆ. ಲಕ್ಷಣಗಳು ಕಾಣಲೆಂದು ಕಾದು ತಿಂಗಳ ನಂತರ ಕೊಟ್ಟ ಔಷಧ ಕರುವನ್ನು ಉಳಿಸಿದರೂ ಮೊಟ್ಟೆಗಳು ಅಷ್ಟರಲ್ಲಿ ನೆಲ ಸೇರಿರುತ್ತವೆ.

ಕುರಿಯ ರಕ್ತ ಹೀರುವ ಹುಳು

ಕುರಿಮೇಕೆಗಳ ನಾಲ್ಕನೆಯ ಜಠರದಲ್ಲಿ ಹಿಮೋಂಕಸ್ ಎಂಬ ಸಣ್ಣ ಹುಳು ವಾಸಿಸುತ್ತದೆ. ಹೆಣ್ಣುಹುಳುವಿನ ದೇಹದಲ್ಲಿ ರಕ್ತ ತುಂಬಿದ ಕೆಂಪು ಕರುಳೂ ಬಿಳಿಯ ಅಂಡಾಶಯವೂ ಹಗ್ಗದ ಎಳೆಗಳಂತೆ ಹೆಣೆದುಕೊಂಡು ಕಾಣುತ್ತವೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ನಷ್ಟಮಾಡುತ್ತದೆ. ಇದು ಒಂದು ಹನಿ ಮಾತ್ರ. ಆದರೆ ಸಾವಿರ ಹುಳುಗಳಿರುವ ಕುರಿಗೆ ದಿನಕ್ಕೆ 50 ಮಿಲಿಲೀಟರ್ ರಕ್ತ ಹೋಗುತ್ತದೆ. ಕೆಲವೇ ವಾರಗಳಲ್ಲಿ ಕಣ್ಣುರೆಪ್ಪೆಯ ಒಳಭಾಗ ಬಿಳಿಚಿಕೊಂಡು, ಗದ್ದದ ಕೆಳಗೆ ನೀರುಬಾವು ತೂಗಾಡತೊಡಗುತ್ತದೆ. ಭೇದಿಯಿಲ್ಲದಿರುವುದರಿಂದ ಕುರಿಗಾರನಿಗೆ ಸಂಶಯ ಬರುವುದೂ ತಡವಾಗುತ್ತದೆ.

ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆಗಳನ್ನಿಡುತ್ತದೆ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆಗಳು ಮಳೆಗಾಲದ ಬೆಚ್ಚನೆಯ ತೇವದಲ್ಲಿ ಒಡೆದು, ಒಂದು ವಾರದೊಳಗೆ ಮರಿಹುಳುಗಳು ಸೋಂಕು ತಗುಲಿಸುವ ಹಂತವನ್ನು ಮುಟ್ಟುತ್ತವೆ. ಈ ಹಂತದ ಮರಿಹುಳು ಏನನ್ನೂ ತಿನ್ನಲಾರದು. ಹುಲ್ಲಿನ ಮೇಲಿರುವ ನೀರಿನ ತೆಳುಪದರದಲ್ಲಿ ಮೇಲೇರಿ ಕುರಿಗಾಗಿ ಕಾಯುವುದಷ್ಟೇ ಅದರ ಕೆಲಸ. ಕುರಿಯ ಹೊಟ್ಟೆ ಸೇರಿದ ಸುಮಾರು ಮೂರು ವಾರಗಳಲ್ಲಿ ಅದೂ ಮೊಟ್ಟೆಯಿಡುತ್ತದೆ.

ಬಿಸಿಲು ಮತ್ತು ಒಣಹವೆ ಈ ಮರಿಹುಳುವಿನ ಶತ್ರುಗಳು. ಆದುದರಿಂದ ಮಳೆಗಾಲದಲ್ಲಿ ಇಬ್ಬನಿ ಆರುವ ಮೊದಲು ಮಂದೆಯನ್ನು ಮೇಯಲು ಬಿಡಬಾರದು. ಜೌಗು ನೆಲವನ್ನೂ, ಬುಡಮಟ್ಟ ಮೇಯ್ದ ಗಿಡ್ಡ ಹುಲ್ಲನ್ನೂ ತಪ್ಪಿಸಬೇಕು. ಒಂದೇ ಬಯಲಿನಲ್ಲಿ ದಿನವೂ ಮೇಯಿಸದೆ ಸ್ಥಳ ಬದಲಾಯಿಸುವುದು ಉತ್ತಮ. ಕುರಿ ಮೇಯ್ದ ಬಯಲಿನಲ್ಲಿ ದನಗಳನ್ನು ಮೇಯಿಸಿದರೆ, ಅವು ನುಂಗಿದ ಕುರಿಯ ಹುಳುಗಳಲ್ಲಿ ಹೆಚ್ಚಿನವು ಬೆಳೆಯದೆ ನಾಶವಾಗುತ್ತವೆ.

ಯಕೃತ್ತಿನ ಚಪ್ಪಟೆಹುಳು

ಎಲೆಯ ಆಕಾರದ ಫ್ಯಾಸಿಯೋಲ ಹುಳು ದನ, ಎಮ್ಮೆ, ಕುರಿಗಳ ಪಿತ್ತನಾಳಗಳಲ್ಲಿ ವಾಸಿಸುತ್ತದೆ. ಭಾರತದ ಬಯಲು ಪ್ರದೇಶಗಳಲ್ಲಿ ಕಾಣಸಿಗುವ ಪ್ರಭೇದ ಫ್ಯಾಸಿಯೋಲ ಜೈಗ್ಯಾಂಟಿಕ. ಈ ಬಗೆಯ ಹುಳು ಪ್ರಾಣಿಯಿಂದ ಪ್ರಾಣಿಗೆ ನೇರವಾಗಿ ದಾಟಲಾರದು. ನಡುವೆ ಅದಕ್ಕೆ ಬಸವನಹುಳುವಿನ ನೆರವು ಬೇಕು. ಈ ರಹಸ್ಯವನ್ನು 1880ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಎಂಬ ವಿಜ್ಞಾನಿಗಳು ಯಕೃತ್ತಿನ ಇನ್ನೊಂದು ಚಪ್ಪಟೆಹುಳುವಿನಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು.

ಸಗಣಿಯೊಡನೆ ನೀರು ಸೇರಿದ ಮೊಟ್ಟೆ ಕೆಲವು ವಾರಗಳಲ್ಲಿ ಒಡೆದು, ಸೂಕ್ಷ್ಮವಾದ ಈಜುಮರಿ ಹೊರಬರುತ್ತದೆ. ಅದರ ಆಯುಸ್ಸು ಸುಮಾರು ಒಂದು ದಿನ ಮಾತ್ರ. ಅಷ್ಟರಲ್ಲಿ ತಕ್ಕ ಬಸವನಹುಳು ದೊರೆಯದಿದ್ದರೆ ಅದು ಸಾಯುತ್ತದೆ. ದೊರೆತರೆ ಅದರ ದೇಹದೊಳಗೆ ಹೊಕ್ಕು ಒಂದು ನೂರಾರಾಗಿ ಹೆಚ್ಚುತ್ತದೆ. ಬಾಲವುಳ್ಳ ಹೊಸ ಮರಿಗಳು ಬಸವನಹುಳುವಿನಿಂದ ಹೊರಬಂದು, ನೀರಂಚಿನ ಹುಲ್ಲಿಗೂ ಬತ್ತದ ಪೈರಿನ ಬುಡಕ್ಕೂ ಅಂಟಿಕೊಂಡು, ಬಾಲ ಕಳಚಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತವೆ. ದನ ಆ ಹುಲ್ಲನ್ನು ಮೇಯ್ದಾಗ ಮರಿಹುಳುಗಳು ಕರುಳಿನ ಗೋಡೆಯನ್ನು ಕೊರೆದು, ಯಕೃತ್ತನ್ನು ವಾರಗಟ್ಟಲೆ ಸೀಳುತ್ತ ಸಾಗಿ, ಕೊನೆಗೆ ಪಿತ್ತನಾಳವನ್ನು ಮುಟ್ಟುತ್ತವೆ. ಮೇಯ್ದ ದಿನದಿಂದ ಮೂರು ನಾಲ್ಕು ತಿಂಗಳಾದ ಮೇಲೆ ಸಗಣಿಯಲ್ಲಿ ಮೊಟ್ಟೆಗಳು ಕಾಣುತ್ತವೆ. ಆದ್ದರಿಂದ ಮಳೆಗಾಲದ ಸೋಂಕಿನ ಫಲ ಎಷ್ಟೋ ವೇಳೆ ಚಳಿಗಾಲದಲ್ಲಿ ಪ್ರಕಟವಾಗುತ್ತದೆ.

ಇಲ್ಲಿ ಸರಪಳಿಯನ್ನು ಹಲವು ಕಡೆ ತುಂಡರಿಸಬಹುದು. ಹಸಿ ಸಗಣಿಯನ್ನು ಕೆರೆ ಕಾಲುವೆಗಳಿಗೆ ಸೇರಿಸದೆ ಗೊಬ್ಬರದ ಗುಂಡಿಯಲ್ಲಿ ಕೊಳೆಯಿಸಿದರೆ ಅದರ ಕಾವಿಗೆ ಮೊಟ್ಟೆಗಳು ಸಾಯುತ್ತವೆ. ದನಗಳಿಗೆ ತೊಟ್ಟಿಯಲ್ಲಿ ಶುದ್ಧ ನೀರು ಕೊಡಬಹುದು. ಕೆರೆಯಂಚಿನ ಹುಲ್ಲನ್ನು ಹಸಿಯಾಗಿ ಹಾಕದೆ ಚೆನ್ನಾಗಿ ಒಣಗಿಸಿ ಹಾಕಬಹುದು. ಬಾತುಕೋಳಿಗಳನ್ನು ಸಾಕಿದರೆ ಅವು ಬಸವನಹುಳುಗಳನ್ನು ತಿಂದು ಕಡಿಮೆ ಮಾಡುತ್ತವೆ.

ಉಣ್ಣೆ

ಉಣ್ಣೆಯನ್ನು ಕೆಲವೆಡೆ ಉಣುಗು ಎಂದೂ ಕರೆಯುತ್ತಾರೆ. ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣ್ಣೆ, ಪ್ರೌಢ ಉಣ್ಣೆ, ಹೀಗೆ ಇದರ ಬದುಕಿಗೆ ನಾಲ್ಕು ಹಂತಗಳು. ಮೊಟ್ಟೆಯ ಹೊರತು ಉಳಿದ ಪ್ರತಿ ಹಂತದಲ್ಲಿಯೂ ಅದಕ್ಕೆ ರಕ್ತ ಬೇಕು. ದನಗಳ ಮೈಮೇಲಿನ ಸಾಮಾನ್ಯ ಉಣ್ಣೆಯೊಂದು ಮರಿಯಾಗಿ ಹತ್ತಿದ ಹಸುವಿನ ಮೇಲೆಯೇ ಸುಮಾರು ಮೂರು ವಾರಗಳನ್ನು ಕಳೆದು ಪ್ರೌಢವಾಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಕೆಳಗುದುರಿ, ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಇನ್ನೊಂದು ಬಗೆಯ ಉಣ್ಣೆ ಊಟದ ನಡುವೆ ಕೆಳಗಿಳಿದು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗಿ ಪೊರೆ ಕಳಚುತ್ತದೆ. ಹಸುವಿನ ಮೈಗೆ ಎಷ್ಟು ಔಷಧ ಸಿಂಪಡಿಸಿದರೂ ಉಣ್ಣೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ: ಕಾಣುವ ಉಣ್ಣೆಗಿಂತ ಕಾಣದ ಉಣ್ಣೆಯೇ ಹೆಚ್ಚು.

ಉಣ್ಣೆ ರಕ್ತವನ್ನು ಹೀರುವುದಷ್ಟೇ ಅಲ್ಲ, ರೋಗವನ್ನೂ ಸಾಗಿಸುತ್ತದೆ. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ದನಗಳ ಕೆಂಪುಮೂತ್ರದ ಜ್ವರ ಉಣ್ಣೆಯಿಂದ ಹರಡುತ್ತದೆಂದು ಸಿದ್ಧಪಡಿಸಿ ತೋರಿಸಿದರು. ನಮ್ಮ ದೇಶದಲ್ಲಿ ಥೈಲೇರಿಯ ಎಂಬ ಸೂಕ್ಷ್ಮಜೀವಿಯಿಂದ ಬರುವ ಜ್ವರ ಮಿಶ್ರತಳಿಯ ಹಸುಗಳಿಗೆ ಮಾರಕವಾಗಬಲ್ಲದು. ತೀವ್ರ ಜ್ವರ ಮತ್ತು ಊದಿಕೊಂಡ ದುಗ್ಧಗ್ರಂಥಿಗಳು ಇದರ ಮುಖ್ಯ ಲಕ್ಷಣಗಳು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗರು ಜ್ವರಕ್ಕೆ ತುತ್ತಾದಾಗ ಪತ್ತೆಯಾದ ವೈರಸ್ ರೋಗವೂ ಉಣ್ಣೆಯಿಂದಲೇ ಹರಡುವಂಥದು. ಜನರು ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಕಾಡಿನಲ್ಲಿ ಮೇಯುವ ದನಗಳು ಈ ರೋಗಕ್ಕೆ ಬಲಿಯಾಗುವುದಿಲ್ಲ. ಆದರೆ ಪ್ರೌಢ ಉಣ್ಣೆಗಳಿಗೆ ರಕ್ತ ಒದಗಿಸಿ ಅವುಗಳ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ. ಆದುದರಿಂದ ದನದ ಮೈಯನ್ನು ಉಣ್ಣೆಯಿಂದ ಮುಕ್ತವಾಗಿಡುವುದು ಮನೆಯವರ ಆರೋಗ್ಯದ ರಕ್ಷಣೆಯೂ ಹೌದು.

ಕೊಟ್ಟಿಗೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿ ಸುಣ್ಣ ಬಳಿಯಬೇಕು. ಕಿತ್ತ ಉಣ್ಣೆಯನ್ನು ಬರಿಗೈಯಿಂದ ಹಿಸುಕಬಾರದು. ಸೀಮೆಎಣ್ಣೆ ಅಥವಾ ಬಿಸಿ ಸಾಬೂನು ನೀರಿನಲ್ಲಿ ಹಾಕಿ ಕೊಲ್ಲಬೇಕು.

ನಾಯಿ, ಕುರಿ ಮತ್ತು ಮನುಷ್ಯ

ಎಕೈನೊಕಾಕಸ್ ಎಂಬ ಲಾಡಿಹುಳು ನಾಯಿಯ ಕರುಳಿನಲ್ಲಿ ವಾಸಿಸುತ್ತದೆ. ಅದರ ಉದ್ದ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ಸಾವಿರಾರು ಹುಳುಗಳಿದ್ದರೂ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಅದರ ಮಲದೊಡನೆ ಬಿದ್ದ ಮೊಟ್ಟೆಗಳನ್ನು ಕುರಿ ಹುಲ್ಲಿನೊಡನೆ ನುಂಗಿದರೆ ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ಕಡಿದ ಕುರಿಯ ಆ ಭಾಗಗಳನ್ನು ನಾಯಿ ತಿಂದರೆ ಚಕ್ರ ಪೂರ್ಣಗೊಳ್ಳುತ್ತದೆ.

ನಾಯಿಯ ಕೂದಲಿಗೆ ಅಂಟಿದ ಮೊಟ್ಟೆಗಳು ಮಕ್ಕಳ ಕೈಯಿಂದ ಬಾಯಿಗೆ ಹೋಗಬಹುದು. ತೊಳೆಯದ ಸೊಪ್ಪು ತರಕಾರಿಯೊಡನೆಯೂ ಹೊಟ್ಟೆ ಸೇರಬಹುದು. ಆಗ ಕುರಿಯಲ್ಲಿ ಬೆಳೆಯಬೇಕಿದ್ದ ಗುಳ್ಳೆ ಮನುಷ್ಯನಲ್ಲಿ ಬೆಳೆಯುತ್ತದೆ. ಹತ್ತಾರು ವರ್ಷ ಯಾವ ಸೂಚನೆಯನ್ನೂ ಕೊಡದೆ ಅದು ಹಿಗ್ಗಬಹುದು. ಒಳಗೇ ಒಡೆದರೆ ಪ್ರಾಣಾಪಾಯ ಸಂಭವಿಸಬಹುದು. ಇದು ಹಳ್ಳಿಯವರ ರೋಗ ಮಾತ್ರವಲ್ಲ. ಮಾಂಸದಂಗಡಿಯ ತ್ಯಾಜ್ಯವನ್ನು ಬೀದಿನಾಯಿಗಳು ತಿನ್ನುವ ನಗರಗಳಲ್ಲಿಯೂ ಇದಕ್ಕೆ ಅವಕಾಶವಿದೆ.

ತಿಳಿವಳಿಕೆಯಿಂದಲೇ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬುದಕ್ಕೆ ಐಸ್‌ಲೆಂಡ್ ದೇಶವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿಸಾಕಣೆಯನ್ನೇ ನಂಬಿದ ಆ ದೇಶದ ಜನರಲ್ಲಿ ಈ ರೋಗ ವ್ಯಾಪಕವಾಗಿತ್ತು. ಡೆನ್ಮಾರ್ಕಿನ ಕ್ರಾಬೆ ಎಂಬ ಪಶುವೈದ್ಯ ವಿಜ್ಞಾನಿ 1863ರಲ್ಲಿ ಅಲ್ಲಿಗೆ ಹೋಗಿ ಪರಿಶೀಲಿಸಿ, ರೋಗದ ಕಾರಣವನ್ನೂ ತಡೆಯುವ ಕ್ರಮವನ್ನೂ ಸರಳವಾಗಿ ವಿವರಿಸಿದ ಕಿರುಪುಸ್ತಿಕೆಯನ್ನು ಬರೆದರು. ಅದನ್ನು ಐಸ್‌ಲೆಂಡಿನ ಭಾಷೆಯಲ್ಲಿ ಅಚ್ಚುಹಾಕಿಸಿ ಜನರಿಗೆ ಉಚಿತವಾಗಿ ಹಂಚಲಾಯಿತು. ಮುಂದೆ ಕಾನೂನುಗಳೂ ಬಂದವು. ಕುರಿಯ ಸೋಂಕಿತ ಭಾಗಗಳನ್ನು ನಾಯಿಗೆ ಹಾಕುವುದನ್ನು ಜನರು ಬಿಟ್ಟರು; ನಾಯಿಗಳಿಗೆ ಔಷಧ ಕೊಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶ ಈ ಹುಳುವಿನಿಂದ ಮುಕ್ತವಾಯಿತು.

ಔಷಧದ ಬಳಕೆಯಲ್ಲಿ ಎಚ್ಚರ

ಎಲ್ಲ ಹುಳುಗಳಿಗೂ ಒಂದೇ ಔಷಧವಿಲ್ಲ. ದುಂಡುಹುಳುವನ್ನೂ ಬಾಹ್ಯ ಪರೋಪಜೀವಿಗಳನ್ನೂ ಕೊಲ್ಲುವ ಐವರ್ಮೆಕ್ಟಿನ್ ಚಪ್ಪಟೆಹುಳುವನ್ನು ಕೊಲ್ಲುವುದಿಲ್ಲ. ಆದುದರಿಂದ ಮೊದಲು ಸಗಣಿ ಪರೀಕ್ಷೆ ಮಾಡಿಸಿ, ಅನಂತರ ಔಷಧ ಕೊಡುವುದು ಸರಿಯಾದ ಕ್ರಮ. ಪ್ರಾಣಿಯ ತೂಕಕ್ಕಿಂತ ಕಡಿಮೆ ಪ್ರಮಾಣದಲ್ಲಿ ಔಷಧ ಕೊಟ್ಟರೆ, ಅಥವಾ ಅಗತ್ಯವಿಲ್ಲದೆ ಮಂದೆಗೆಲ್ಲ ಪದೇ ಪದೇ ಕೊಟ್ಟರೆ, ಬಲವಾದ ಹುಳುಗಳು ಮಾತ್ರ ಉಳಿದು ಔಷಧಕ್ಕೆ ಬಗ್ಗದ ಪೀಳಿಗೆ ಬೆಳೆಯುತ್ತದೆ. ಕುರಿಯ ಹಿಮೋಂಕಸ್ ಹುಳುವಿನಲ್ಲಿಯೂ ದನದ ಉಣ್ಣೆಯಲ್ಲಿಯೂ ಇಂತಹ ಪ್ರತಿರೋಧ ಭಾರತದಲ್ಲಿ ಈಗಾಗಲೇ ಕಂಡುಬಂದಿದೆ. ಔಷಧ ಕೊಟ್ಟ ಪ್ರಾಣಿಯ ಹಾಲನ್ನು ಎಷ್ಟು ದಿನ ಬಳಸಬಾರದೆಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿದು ಪಾಲಿಸಬೇಕು.

ನೆನಪಿಡಬೇಕಾದ ಅಂಶಗಳು

1. ಕರುವಿಗೆ ಗಿಣ್ಣುಹಾಲು ತಪ್ಪಿಸಬೇಡಿ. 10ರಿಂದ 16 ದಿನಗಳೊಳಗೆ ಜಂತುನಾಶಕ ಕೊಡಿಸಿ.
2. ಸಗಣಿ, ಹಿಕ್ಕೆಗಳನ್ನು ದಿನವೂ ತೆಗೆದು ಗುಂಡಿಯಲ್ಲಿ ಕೊಳೆಯಿಸಿ.
3. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಮಾತ್ರ ಕುರಿಗಳನ್ನು ಮೇಯಲು ಬಿಡಿ. ಕಣ್ಣುರೆಪ್ಪೆಯ ಒಳಬಣ್ಣವನ್ನು ಆಗಾಗ ನೋಡಿ.
4. ಕೆರೆಯಂಚಿನ ಹಸಿ ಹುಲ್ಲನ್ನು ದನಗಳಿಗೆ ಹಾಕಬೇಡಿ.
5. ಉಣ್ಣೆಗೆ ಹಸುವಿನ ಮೈಯೊಡನೆ ಕೊಟ್ಟಿಗೆಯನ್ನೂ ಶುಚಿಮಾಡಿ.
6. ಕಡಿದ ಪ್ರಾಣಿಗಳ ಒಳಾಂಗಗಳನ್ನು ನಾಯಿಗೆ ಹಸಿಯಾಗಿ ಹಾಕಬೇಡಿ. ಆಳವಾಗಿ ಹೂಳಿರಿ ಇಲ್ಲವೇ ಸುಡಿರಿ. ಸಾಕುನಾಯಿಗೆ ನಿಯಮಿತವಾಗಿ ಜಂತುನಾಶಕ ಕೊಡಿಸಿ.
7. ನಾಯಿಯನ್ನು ಮುಟ್ಟಿದ ಮೇಲೆ, ಊಟಕ್ಕೆ ಮೊದಲು, ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಯಿಸಿ.

ಈ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಹಣ ಬೇಕಾಗಿಲ್ಲ. ಹುಳು ಎಲ್ಲಿ ಕಾದು ಕುಳಿತಿದೆ ಎಂಬ ಅರಿವು ಮತ್ತು ದಿನನಿತ್ಯದ ಎಚ್ಚರ ಇವೆರಡಿದ್ದರೆ, ಎಷ್ಟೋ ಕರುಗಳು ಬದುಕಿ ಕೊಟ್ಟಿಗೆಯನ್ನು ತುಂಬುತ್ತವೆ.