ಅಜ್ಜಿ ಹುಟ್ಟಿದ ಹೊತ್ತು

ಕಳೆದ ಕಾಲವನ್ನು ಗಣಿಸುವುದು ಬರಿಯ ವ್ಯವಕಲನವೆಂದು ನಮ್ಮ ವಿದ್ಯಾರ್ಥಿನಿಯರು ಭಾವಿಸಿರಬಹುದು. ಅದು ಹಾಗಲ್ಲವೆಂದು ನಮಗೆ ತಿಳಿಸಿದ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತೇವೆ.

ತಿಪಟೂರಿನ ತೋಟದ ಮನೆಯೊಂದರಲ್ಲಿ ಹುಟ್ಟಿದ ಅಜ್ಜಿಯೊಬ್ಬರ ಜನನಕಾಲವು ಹಳೆಯ ಕಾಗದವೊಂದರಲ್ಲಿ ‘೧೯೪೩ನೆಯ ಇಸವಿ ಜೂನ್ ೧೨, ಶನಿವಾರ, ಬೆಳಿಗ್ಗೆ ೬-೩೦’ ಎಂದಿದೆ. ಅಜ್ಜಿಯಾದರೋ, ತಾವು ಹುಟ್ಟಿದ್ದು ಶುಕ್ರವಾರ, ಹೊತ್ತು ಮೂಡುವ ಮುನ್ನ, ಎಂದು ತಾಯಿಯ ಬಾಯಿಂದ ಕೇಳಿದವರು. ಜೂನ್ ತಿಂಗಳಲ್ಲಿ ಈ ಸೀಮೆಯ ಸೂರ್ಯೋದಯವು ಆರು ಗಂಟೆಗೆ ಕೆಲವು ನಿಮಿಷ ಮೊದಲೇ ಆಗುವುದು. ಆದುದರಿಂದ ನಮ್ಮ ಶಾಲೆಯಲ್ಲಿ ಓದುವ ಮೊಮ್ಮಗಳು, ಮುತ್ತಜ್ಜಿಯ ಮಾತು ಸುಳ್ಳೆಂದು ಅಂದುಬಿಟ್ಟಳು. ಅಜ್ಜಿ ಬಹಳ ನೊಂದುಕೊಂಡರು.

ಲಿನಕ್ಸ್ ಗಣಕಯಂತ್ರದಲ್ಲಿ ‘ಡೇಟ್’ ಎಂಬ ಆಜ್ಞೆಯುಂಟು. ೧೯೭೦ರ ಜನವರಿ ೧ರ ಗ್ರಿನಿಚ್ ನಡುರಾತ್ರಿಯನ್ನು ಸೊನ್ನೆಯಾಗಿಟ್ಟುಕೊಂಡು ಅದು ಸೆಕೆಂಡುಗಳನ್ನು ಎಣಿಸುವುದು. ಅದಕ್ಕೆ ಹಿಂದಿನವೆಲ್ಲ ಋಣಸಂಖ್ಯೆಗಳು. ಕಾಲವಲಯವನ್ನು ‘ಏಷ್ಯಾ, ಕೋಲ್ಕತಾ’ ಎಂದು ಹೆಸರಿಸಿ ಕಾಗದದ ವೇಳೆಯನ್ನು ಕೊಟ್ಟಾಗ ಋಣ ೮೩,೮೦,೮೦,೦೦೦ ಎಂಬ ಉತ್ತರ ಬಂದಿತು. ದಿನಕ್ಕೆ ೮೬,೪೦೦ರಂತೆ ಭಾಗಿಸಿದರೆ ಸರಿಯಾಗಿ ೯,೭೦೦ ದಿನಗಳು, ಶೇಷವಿಲ್ಲ. ಎಂದರೆ ಆಗ ಗ್ರಿನಿಚ್ಚಿನಲ್ಲಿ ನಡುರಾತ್ರಿ. ಭಾರತದ ಗಡಿಯಾರವು ಐದೂವರೆ ಗಂಟೆ ಮುಂದೆಂದು ಕಲಿತ ನಮಗೆ ಅಲ್ಲಿ ಒಂದು ಗಂಟೆಯಾಗಿರಬೇಕಿತ್ತೆಂದು ತೋರಿತು.

ಯಂತ್ರವು ತಪ್ಪಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರ ಸೆಪ್ಟೆಂಬರ್ ೧ರಿಂದ ೧೯೪೫ರ ಅಕ್ಟೋಬರ್ ೧೫ರವರೆಗೆ, ಭಾರತದ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಮುಂದಿಟ್ಟಿದ್ದರು. ಕಾಗದದ ಆರೂವರೆಯು ಇಂದಿನ ಐದೂವರೆ, ಸೂರ್ಯನಿನ್ನೂ ಮೂಡಿರಲಿಲ್ಲ. ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸಲ್ಲುವುದರಿಂದ ಮನೆಯವರಿಗೆ ಅದು ಶುಕ್ರವಾರವೇ. ನಡುರಾತ್ರಿಯಿಂದ ದಿನವೆಣಿಸುವ ಕಾಗದಕ್ಕೆ ಶನಿವಾರ.

ಇದೇ ಲೆಕ್ಕಕ್ಕೆ ಸ್ಕ್ರಿಪ್ಟ್ ಬರೆದ ಇನ್ನೊಬ್ಬ ಹುಡುಗಿ ವಲಯದ ಹೆಸರನ್ನು ಬಿಟ್ಟು ಐದೂವರೆ ಗಂಟೆ ಎಂಬ ಅಂಕಿಯನ್ನೇ ಕೊಟ್ಟಿದ್ದಳು. ಆಕೆಯ ಉತ್ತರವು ೩,೬೦೦ ಸೆಕೆಂಡು ತಪ್ಪಿತು. ಹೆಸರಿನೊಡನೆ ಗಡಿಯಾರದ ಚರಿತ್ರೆಯೂ ಬರುವುದು, ಅಂಕಿಯೊಡನೆ ಬಾರದು. ಆದರೆ ಬರೆದವರು ಯಾವ ಗಡಿಯಾರವನ್ನು ನೋಡಿದರೆಂಬುದನ್ನು ಯಂತ್ರವು ಹೇಳಲಾರದು. ಅದಕ್ಕೆ ಮುತ್ತಜ್ಜಿಯ ಮಾತೇ ನಮಗಿದ್ದ ಸಾಕ್ಷಿ.

ತಿಪಟೂರಿನ ರೇಖಾಂಶವು ಸುಮಾರು ೭೬½ ಡಿಗ್ರಿ, ಭಾರತದ ಕಾಲವನ್ನು ಅಳೆಯುವುದು ೮೨½ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸರಾಸರಿ ೧೨-೨೪ಕ್ಕೆ. ಯುದ್ಧಕಾಲದ ಗಡಿಯಾರದಲ್ಲಿ ೧-೨೪ಕ್ಕೆ. ರಜೆಯಲ್ಲಿ ತೆಂಗಿನಮರದ ನೆರಳು ಅತಿ ಮೋಟಾಗುವ ಹೊತ್ತನ್ನು ಗುರುತು ಹಾಕಿ ನೋಡಿರಿ.